ಚಿನ್ನ ಮೋಟರು

ಮೂರನೆಯ ಸಾಲು ಸಂಡಿಗೆ ಇಡುತ್ತಿದ್ದಾಗ ಮಂಗಳಾಗೆ ಬೆನ್ನ ಹಿಂದೆ ಯಾರೋ ಬಂದು ಕೂತಂತೆ ಅನ್ನಿಸಿತು. ತಿರುಗಿ ನೋಡುವ ಅಗತ್ಯವಿರಲಿಲ್ಲ. ನೀರಿನ ಟ್ಯಾಂಕಿನ ಮೇಲೆ ಗಡವ ಬಂದಿರುತ್ತದೆ. ಮಧುಗಿರಿ ಬೆಟ್ಟದಿಂದ ಇಳಿದು ಬರುವ ಕೋತಿಗಳಿಗೆಲ್ಲ ಅದೇ ಯಜಮಾನ. ಹೆಣ್ಣು ನೋಡಲು ಬಂದ ಬೀಗರ ಹಾಗೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಸಂಡಿಗೆ ಎಷ್ಟು ದಪ್ಪ ಬಿದ್ದಿದೆ, ಜೀರಿಗೆ ಸಾಕೋ ಸಾಲದೋ ಎಂದು ಪರೀಕ್ಷೆ ಮಾಡುತ್ತಿತ್ತು. ಹೆಂಡತಿ ಮಕ್ಕಳು ಪ್ಯಾರಾಪೆಟ್ಟಿನ ಆಚೆ ಅಪ್ಪಣೆಗೆ ಕಾಯುತ್ತಿದ್ದವು.

"ಇರು, ಕೈ ತೊಳ್ಕೊಂಡು ಬತ್ತೀನಿ," ಅಂದಳು ಮಂಗಳಾ.

ಬಕೆಟ್ಟಿನಲ್ಲಿ ಕೈ ಅದ್ದಿ, ಸೆರಗಿಗೆ ಒರೆಸಿಕೊಂಡು, ಬೆಳಿಗ್ಗೆ ಮೇಲೆ ತಂದು ಮೆಟ್ಟಿಲ ಬಾಗಿಲ ಹಿಂದೆ ಹಳೆ ಪಂಚೆ ಮುಚ್ಚಿಟ್ಟಿದ್ದ ಕಾರನ್ನು ಎತ್ತಿಕೊಂಡಳು. ಮೊಳದುದ್ದದ ಕೆಂಪು ಕಾರು, ಮೈಗೆ ಮೀರಿದ ಕರಿ ಚಕ್ರಗಳು, ಕೈಯಲ್ಲಿ ಹಿಡಿಯಲು ಪಿಸ್ತೂಲಿನಂಥ ರಿಮೋಟು. ಅದು ಅವಳ ಗಂಡ ನರಸಿಂಹರಾಜುವಿನದು. ಹೋದ ವರ್ಷ ತರಿಸಿದ್ದ. ಯಾರಾದರೂ ಆಟದ ಸಾಮಾನು ಅಂದರೆ ಅವನ ಮುಖ ಸಣ್ಣಗಾಗುತ್ತಿತ್ತು. ಅವನಿಗೆ ಅದು ಮಾಡೆಲ್ಲು. ವಾರವೆಲ್ಲ ಬೀರುವಿನ ನೆತ್ತಿಯ ಮೇಲೆ ದೇವರ ಉತ್ಸವಮೂರ್ತಿಯ ಹಾಗೆ ಕೂತಿರುತ್ತಿತ್ತು. ಭಾನುವಾರ ಮಾತ್ರ ಅವನು ಟೋಪಿ ಹಾಕಿ, ಕೂಲಿಂಗ್ ಗ್ಲಾಸ್ ಏರಿಸಿ, ಶಾಲೆಯ ಕೆಂಪು ಮಣ್ಣಿನ ಮೈದಾನಕ್ಕೆ ಸವಾರಿ ತೆಗೆದುಕೊಂಡು ಹೋಗುತ್ತಿದ್ದ. ಮಂಗಳಾ ಅದನ್ನು ಮುಟ್ಟುವಂತಿರಲಿಲ್ಲ.

ಅದಕ್ಕೆ ಕಾರಣ ಅಂಗಳದಲ್ಲಿ ನಿಂತಿರುವ ಸ್ಕೂಟರು. ಅದು ಹೊಸದಾಗಿ ಬಂದಾಗ ಮಂಗಳಾ ಕಲಿಯಲು ಹತ್ತಿದ್ದಳು. ನಿಲ್ಲಿಸಬೇಕಾದ ಕಡೆ ಕೈ ತಿರುವಿ, ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಒಟ್ಟಿದ್ದ ಸೌದೆ ರಾಶಿಯ ಮೇಲೆ ಅರ್ಧ ಏರಿ ಕೂತಿದ್ದಳು. ಪೆಟ್ಟೇನೂ ಆಗಲಿಲ್ಲ. ಆದರೆ ನರಸಿಂಹರಾಜು ಅವತ್ತು ಬೀದಿಯ ಎದುರು ಒಂದು ಮಾತು ಅಂದ: "ನಿನಗೆ ಸ್ಪೀಡ್ ಕಂಟ್ರೋಲೇ ಇಲ್ಲ ಕಣೆ." ಆಮೇಲೆ ಆ ಮಾತು ಮನೆಯಲ್ಲೇ ಉಳಿದುಕೊಂಡಿತು. ಹಾಲು ಉಕ್ಕಿದರೆ ಸ್ಪೀಡ್ ಕಂಟ್ರೋಲ್ ಇಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಸ್ಪೀಡ್ ಕಂಟ್ರೋಲ್ ಇಲ್ಲ. ತುಮಕೂರಿನ ಹಾಸ್ಟೆಲಿನಲ್ಲಿ ಓದುವ ಮಗಳು ಸಹನಾ ಫೋನಿನಲ್ಲಿ ಬೇಗ ಬೇಗ ಮಾತಾಡಿದರೂ, ಅದು ತಾಯಿಯ ಕಡೆಯಿಂದ ಬಂದ ದೋಷ.

ಕೋತಿಗಳು ಒಮ್ಮೆ ಸಂಡಿಗೆಯ ಸೀರೆಯನ್ನೇ ಸುತ್ತಿಕೊಂಡು ಹೋದ ಮೇಲೆ ಮಂಗಳಾ ರೋಸಿಹೋಗಿ ಬೀರುವಿನ ಮೇಲಿಂದ ಕಾರು ಇಳಿಸಿದ್ದಳು. ಅದು ಗುಂಯ್ ಎಂದು ನುಗ್ಗಿದ ರಭಸಕ್ಕೆ ಗಡವ ಟ್ಯಾಂಕಿನಿಂದ ಹುಣಸೇಮರಕ್ಕೆ ಹಾರಿತು. ಅವತ್ತಿನಿಂದ ಗಂಡ ಕೊರಟಗೆರೆಯ ಆಫೀಸಿಗೆ ಬಸ್ಸು ಹತ್ತಿದ ಮೇಲೆ ದಿನಾ ಒಂದಿಷ್ಟು ಹೊತ್ತು ಕಾರು ಅವಳದು. ಸಂಡಿಗೆಯ ಎರಡು ಸಾಲುಗಳ ನಡುವೆ ಒಂದನ್ನೂ ತುಳಿಯದೆ ಓಡಿಸಿ, ತುದಿಯಲ್ಲಿ ಗಕ್ಕನೆ ತಿರುಗಿಸಿ, ಮತ್ತೆ ತರುತ್ತಿದ್ದಳು. ಕೋತಿ ನೆಪಕ್ಕೆ. ಅವು ಬಾರದ ದಿನ ಅವಳಿಗೇ ಬೇಜಾರು.

ಇವತ್ತು ರಿಮೋಟಿನ ಗುಂಡಿ ಒತ್ತಿದಳು. ಮುಂದಿನ ಚಕ್ರ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಕಾರು ಮಾತ್ರ ಹೊರಡಲಿಲ್ಲ. ಓಟು ಕೇಳಲು ಬಂದವರ ಹಾಗೆ ಎಲ್ಲ ದಿಕ್ಕಿಗೂ ತಲೆಯಾಡಿಸುತ್ತ ನಿಂತಲ್ಲೇ ನಿಂತಿತು. ಮತ್ತೆ ಒತ್ತಿದಳು. ಒಮ್ಮೆ ಬಿಕ್ಕಿ ಸುಮ್ಮನಾಯಿತು. ಗಡವ ಟ್ಯಾಂಕಿನಿಂದ ಒಂದು ಮೆಟ್ಟಿಲು ಕೆಳಗಿಳಿದು ಕೂತಿತು.

ಬೇರೆ ದಿನವಾಗಿದ್ದರೆ ಪಂಚೆ ಮುಚ್ಚಿ ದೇವರೇ ಗತಿ ಅನ್ನಬಹುದಿತ್ತು. ಇವತ್ತು ಸಂಜೆ ಗಂಡನ ಆಫೀಸಿನ ಶಂಕರಲಿಂಗಪ್ಪ ಸಾಹೇಬರು ಈ ಕಾರು ನೋಡುವುದಕ್ಕೆಂದೇ ಮನೆಗೆ ಬರುವವರಿದ್ದರು. ಬೆಳಿಗ್ಗೆ ಶೂ ಕಟ್ಟುವಾಗ ನರಸಿಂಹರಾಜು ಅದನ್ನು ಹೇಳಿ, ಆಕಾಶ ನೋಡಿ, "ಬಿಸ್ಲು ಚೆನ್ನಾಗೈತೆ, ಸಂಡಿಗೆ ಇಟ್ಬುಡು ಇವತ್ತು" ಎಂದೂ ಹೇಳಿದ್ದ. ಸಂಡಿಗೆ ಗಿಡದಲ್ಲಿ ಬಿಡುತ್ತದೋ ಬಳ್ಳಿಯಲ್ಲೋ ಎಂದು ಒಂದು ದಿನವೂ ಕೇಳದ ಗಂಡ ಅಷ್ಟು ಅಕ್ಕರೆಯಿಂದ ಅಂದಿದ್ದಕ್ಕೇ ಅವಳು ಹುರುಪಿನಿಂದ ಹಿಟ್ಟು ಕುದಿಸಿದ್ದು. ಈಗ ಸಾಹೇಬರ ಮುಂದೆ ಕಾರು ಓಡದಿದ್ದರೆ, ಯಾರು ಮುಟ್ಟಿದರು ಅನ್ನುವ ಪ್ರಶ್ನೆ ಬರುತ್ತದೆ. ಬಂದರೆ ಆ ಹಳೆ ಮಾತಿಗೆ ಸರ್ಕಾರಿ ಮೊಹರೇ ಬಿದ್ದ ಹಾಗೆ. ದಿನಾ ಅವಳದಾಗಿದ್ದ ಆ ಒಂದಿಷ್ಟು ಹೊತ್ತೂ ಹೋದ ಹಾಗೆ.

ತಪ್ಪು ತನ್ನದೇ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಶನಿವಾರ ತಿರುವಿನಲ್ಲಿ ಒಮ್ಮೆ ತಪ್ಪಿ ಕಾರನ್ನು ಹಸಿ ಸಂಡಿಗೆ ಹಿಟ್ಟಿನೊಳಗೆ ಹಾಯಿಸಿದ್ದಳು. ಒರೆಸಿಟ್ಟಿದ್ದಳು, ನಿಜ. ಭಾನುವಾರ ಗಂಡ ಮೈದಾನದಿಂದ ಬಂದಾಗ ಜೀವ ಕೈಯಲ್ಲಿ ಹಿಡಿದು "ಹೆಂಗೆ ಓಡ್ತು?" ಎಂದು ಕೇಳಿದ್ದಳು. ಅವನು "ಬೆಂಕಿ ಕಣೆ, ಬೆಂಕಿ" ಅಂದು ತಾನೇ ಕೈಯಾರೆ ಬೀರುವಿನ ಮೇಲಿಟ್ಟು ಮಲಗಿದ್ದ. ಹಾಗಾದರೆ ಹಿಟ್ಟು ಒಳಗೇ ಇದ್ದು ಇವತ್ತು ಕೈ ಕೊಟ್ಟಿರಬೇಕು.

ಒಲೆ ಹತ್ತದಿದ್ದರೆ ಹೇಗೆ ನೋಡುತ್ತಾಳೋ ಹಾಗೇ ನೋಡಿದಳು. ಮೊದಲು ಸಿಲಿಂಡರು, ಆಮೇಲೆ ಪೈಪು, ಆಮೇಲೆ ಬರ್ನರು. ಬ್ಯಾಟರಿ ಚಾರ್ಜಿಗೆ ಹಾಕಿದರೆ ಹಸಿರು ದೀಪ. ಅಂದರೆ ಸಿಲಿಂಡರು ತುಂಬಿದೆ. ರಿಮೋಟಿಗೆ ಕೆಳಗಿನ ಗೋಡೆ ಗಡಿಯಾರದ ಸೆಲ್ಲು ಕಿತ್ತು ತಂದು ಹಾಕಿದಳು. ಗಡಿಯಾರ ನಿಂತಿತೇ ಹೊರತು ಕಾರು ಓಡಲಿಲ್ಲ. ಚಕ್ರ ತಿರುಗುತ್ತಿದೆಯೆಂದ ಮೇಲೆ ರಿಮೋಟಿನ ಮಾತು ಕಾರಿನ ಕಿವಿಗೆ ಬೀಳುತ್ತಿದೆ. ಉಳಿದದ್ದು ಬ್ಯಾಟರಿಗೂ ಮೋಟರಿಗೂ ನಡುವೆ ಕೂತ ಬೆಂಕಿಪೊಟ್ಟಣದಷ್ಟು ಕರಿ ಡಬ್ಬಿ. ಕಾರಿನ ಜೊತೆ ಬಂದ ಕಾಗದದಲ್ಲಿ ಅದಕ್ಕೆ ಬಾಣ ಹಾಕಿ ಹೆಸರು ಬರೆದಿತ್ತು. ಸ್ಪೀಡ್ ಕಂಟ್ರೋಲರ್.

ಮಂಗಳಾಗೆ ಮೈ ಉರಿಯಿತು. ಡಬ್ಬಿಯನ್ನು ಮೂಸಿದಳು. ವೈರು ಸೀದ ವಾಸನೆ. ಬ್ಯಾಟರಿ ಸಿಕ್ಕಿಸಿದಾಗ ಅದು ಲೊಚ್ ಲೊಚ್ ಲೊಚ್ ಎಂದು ಮೂರು ಸಲ ಸದ್ದು ಮಾಡಿತು.

"ಮಂಗಳಮ್ಮ, ಹಲ್ಲಿ ನುಡೀತಲ್ಲ ಈಗ, ಯಾವ ದಿಕ್ಕು?"

ಪಕ್ಕದ ತಾರಸಿಯ ಅಂಚಿನಲ್ಲಿ ಚಿಕ್ಕಲಕ್ಷ್ಮಮ್ಮನ ತಲೆ ಎದ್ದಿತ್ತು. ಆ ಮುದುಕಿಗೆ ಕಣ್ಣು ಮಂದ, ಕಿವಿ ಮಾತ್ರ ಮೊಲದ್ದು. ಮಂಗಳಾ ಕಾರನ್ನು ಸೆರಗಿನಡಿ ಎಳೆದುಕೊಂಡಳು. ಸೆರಗಿನೊಳಗಿಂದ ಮತ್ತೆ ಮೂರು ಸಲ ಲೊಚಗುಟ್ಟಿತು.

"ಅಗೋ, ಬಡಗಣ ದಿಕ್ಕು. ಸೋಮಾರ ಬಡಗಣಕ್ಕೆ ನುಡುದ್ರೆ ನೀರಿನ ಲಾಭ ಕಣಮ್ಮ."

"ಹಲ್ಲಿ ಅಲ್ಲ ದೊಡ್ಡಮ್ಮ, ಮೋಟರು. ಕೆಟ್ಟೋಗೈತೆ," ಅಂದುಬಿಟ್ಟಳು ಮಂಗಳಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮಧುಗಿರಿಯಿಂದ ಪಾವಗಡದವರೆಗೆ ಯಾರ ಕಿವಿಯಲ್ಲೇ ಹೇಳಿ, ಮೋಟರು ಅಂದರೆ ಒಂದೇ ಅರ್ಥ. ಅದು ಭೂಮಿಯೊಳಗೆ ಪಾತಾಳದಲ್ಲಿ ಕೂತಿರುತ್ತದೆ, ಬೇಸಿಗೆಯಲ್ಲಿ ಸುಡುತ್ತದೆ, ಸುಟ್ಟರೆ ಸಾವಿನ ಮನೆಗೆ ಬಂದ ಹಾಗೆ ಜನ ಸೇರುತ್ತಾರೆ.

"ಬೋರ್ ಹಾಕ್ಸುದ್ರಾ? ಯಾವಾಗ? ಪಕ್ಕದ ಮನೇಲಿದ್ದೂ ನಂಗೊಂದು ಮಾತು ಹೇಳ್ಲಿಲ್ವಲ್ಲ ತಾಯಿ."

ಕಾರು ಅಂದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿ ಗಂಡನಿಗೂ ಮುಟ್ಟುತ್ತದೆ. ಬೋರು ಅಂದರೆ ಸುಳ್ಳು. ಮಂಗಳಾ ಹೌದೂ ಅಲ್ಲ, ಇಲ್ಲವೂ ಅಲ್ಲ ಎಂಬಂತೆ ತಲೆಯಾಡಿಸಿದಳು, ಥೇಟ್ ಆ ಕಾರಿನ ಮುಂಚಕ್ರದ ಹಾಗೆ. ಅಷ್ಟರಲ್ಲಿ ಚಿಕ್ಕಲಕ್ಷ್ಮಮ್ಮ ಸೊಂಟದಿಂದ ಫೋನು ತೆಗೆದು, ತನ್ನ ತಂಗಿ ಮಗನ ಸ್ನೇಹಿತ, ಮೋಟರ್ ರಿಪೇರಿಯ ಪಾಲಪ್ಪನಿಗೆ ಸುದ್ದಿ ಹೇಳುತ್ತಿದ್ದಳು.

ಮಂಗಳಾ ಕೆಳಗಿಳಿದು ಬರುವ ಹೊತ್ತಿಗೆ ಬಾಗಿಲಲ್ಲಿ ಜೀಪು ನಿಂತಿತ್ತು. ಅದರ ಮೇಲೆ ಬೋರಿನಿಂದ ಮೋಟರು ಎತ್ತುವ ಮೂರುಕಾಲಿನ ಕಬ್ಬಿಣದ ಕಂಬ, ಹಗ್ಗ, ರಾಟೆ. ಜೀಪಿನ ಹಿಂದೆ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು. ಆ ಬೀದಿಗೆ ನಲ್ಲಿ ನೀರು ಬರುವುದು ದೂರದ ನೆಂಟರು ಬಂದ ಹಾಗೆ. ಬಂದ ಮೇಲೇ ಗೊತ್ತು. ನರಸಿಂಹರಾಜು ದಿನಾ ಆಫೀಸಿಗೆ ತಡವಾಗಿ ಹೋಗುವುದಕ್ಕೆ ಕೊಡುತ್ತಿದ್ದ ಕಾರಣವೂ ಅದೇ. ಬಿಂದಿಗೆ ಹೊತ್ತು ಹೊತ್ತು ಹೆಗಲು ಬಿದ್ದುಹೋಗಿದೆ ಎಂದು ಆಫೀಸಿನಲ್ಲಿ ಹೇಳುತ್ತಿದ್ದ. ಬಿಂದಿಗೆ ಹೊರುತ್ತಿದ್ದವಳು ಮಂಗಳಾ.

"ಎಷ್ಟಡಿಗೆ ಬಿಟ್ಟಿದೀರಮ್ಮ?" ಪಾಲಪ್ಪ ಅಂಗಿಯ ತೋಳು ಮಡಚಿದ.

"ಒಳಗೆ ಬನ್ನಿ ಅಣ್ಣ, ಹೇಳ್ತೀನಿ."

"ಬೋರು ಮನೆ ಒಳಗೈತಾ?"

ಬಿಂದಿಗೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಕಣ್ಣಿಗೂ ಬೀಳಬಾರದೆಂದು ಅಡುಗೆಮನೆಯಲ್ಲೇ ಕೊರೆಸಿದ್ದಾರೆ ಎಂಬ ತೀರ್ಮಾನಕ್ಕೆ ಅವರು ಬರುವಷ್ಟರಲ್ಲಿ ಮಂಗಳಾ ಬಾಗಿಲು ಹಾಕಿದಳು. ಅಡುಗೆಮನೆಯಲ್ಲಿ ಕುಕ್ಕೆ ಎತ್ತಿ ಕಾರು ತೋರಿಸಿದಳು. ಪಾಲಪ್ಪ ಕಾರು ನೋಡಿದ, ಅವಳನ್ನು ನೋಡಿದ, ಕಿಟಕಿಯಾಚೆ ಜೀಪಿನ ಮೇಲಿದ್ದ ತನ್ನ ಮೂರುಕಾಲನ್ನು ನೋಡಿದ. ಅವನು ಪಾವಗಡದಾಚೆಯವನು. ಸಂಕಟವಾದರೆ ಬಾಯಲ್ಲಿ ತೆಲುಗು ನುಗ್ಗುತ್ತದೆ.

"ಇದೇಮಮ್ಮ ಇದು. ಇಂತ ಚಿನ್ನ ಮೋಟರ್‌ಗೆ ನಾನು ಆ ಕಂಬ ಹೇರ್ಕೊಂಡು ಬಂದ್ನಾ?"

ಮಂಗಳಾ ಕೈ ಮುಗಿದಳು. ಯಾರಿಗೂ ಹೇಳಬೇಡಿ, ಸಂಜೆಯೊಳಗೆ ಇದು ಓಡಲೇಬೇಕು ಅಂದಳು. ಅವಳ ಮುಖ ನೋಡಿ ಪಾಲಪ್ಪ ಮನೆದೇವರ ಮೇಲೆ ಆಣೆ ಮಾಡಿದ. ಆಮೇಲೆ ಕಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎರಡು ವೈರು ಕಿತ್ತು ನೇರ ಬ್ಯಾಟರಿಗೆ ತಾಕಿಸಿದ. ಹಿಂಚಕ್ರ ಗಿರ್ರನೆ ತಿರುಗಿತು.

"ಮೋಟರ್ಗೇನೂ ಆಗಿಲ್ಲ. ಈ ಕರಿ ಡಬ್ಬಿ, ಇದರ ಸ್ಟಾರ್ಟರ್, ಅದು ಹೋಗೈತೆ. ಡೈರೆಕ್ಟ್ ಕೊಟ್ಬುಡ್ತೀನಿ."

"ಡೈರೆಕ್ಟ್ ಕೊಟ್ರೆ ನಿಲ್ಸೋದು ಹೆಂಗೆ?"

"ನಿಲ್ಸೋದ್ಯಾಕಮ್ಮ? ಕರೆಂಟ್ ಹೋದಾಗ ಅದೇ ನಿಲ್ತೈತೆ."

ಅವನ ಇಷ್ಟು ವರ್ಷದ ಕಸುಬಿನಲ್ಲಿ ಮೋಟರು ಓಡಿಸಿಕೊಡಿ ಅಂದವರೇ ಎಲ್ಲ. ನಿಲ್ಲಿಸಿಕೊಡಿ ಅಂದ ಗಿರಾಕಿಯನ್ನು ಅವನು ಕಂಡಿದ್ದು ಇದೇ ಮೊದಲು. ಮಂಗಳಾ ಬೇಡ ಅನ್ನುವ ಮೊದಲೇ ವೈರು ಹೊಸೆದುಬಿಟ್ಟಿದ್ದ. ಕಾರು ಅವನ ತೊಡೆಯಿಂದ ಹಗ್ಗ ಬಿಚ್ಚಿದ ಹೋರಿಕರುವಿನ ಹಾಗೆ ಚಿಮ್ಮಿತು. ಸಿಲಿಂಡರಿಗೆ ಗುದ್ದಿ, ದೇವರ ಗಂಟೆ ಕೆಡವಿ, ನಡುಮನೆಯಲ್ಲಿ ಎರಡು ಸುತ್ತು ಹಾಕಿ, ರಾಗಿಹಿಟ್ಟಿನ ಡಬ್ಬ ಉರುಳಿಸಿ, ಆ ಹಿಟ್ಟಿನಲ್ಲಿ ಮಿಂದು ಮಂಚದಡಿ ನುಗ್ಗಿತು. ಗೋಡೆಗೆ ಮೂತಿ ಒತ್ತಿಕೊಂಡು ಗುಂಯ್ಗುಡತೊಡಗಿತು.

ಹೊರಗೆ ಬಿಂದಿಗೆಗಳು ಒಂದಕ್ಕೊಂದು ಬಡಿದುಕೊಂಡವು. "ಮೋಟರ್ ಓಡ್ತು ಕಣ್ರೇ, ನೀರ್ ಬತ್ತದೆ ಈಗ," ಎಂದು ಯಾರೋ ಕೂಗಿದರು. ಒಬ್ಬಳು ಬಚ್ಚಲಿನ ಪೈಪಿನ ಬಾಯಿಗೇ ಬಿಂದಿಗೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತಳು.

ಪಾಲಪ್ಪ ಹೊಟ್ಟೆಯ ಮೇಲೆ ತೆವಳಿ, ಕೋಳಿ ಹಿಡಿಯುವವನ ಹಾಗೆ ಟವೆಲ್ಲು ಎಸೆದು ಕಾರು ಹಿಡಿದ. ಮೈಯೆಲ್ಲ ರಾಗಿಹಿಟ್ಟು. ಇದಕ್ಕೆ ಸ್ಟಾರ್ಟರೇ ಬೇಕು, ಅದು ತನ್ನ ಹತ್ತಿರ ಸಿಗುವುದಿಲ್ಲ, ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡುವ ಅನಿಲ್ ಕುಮಾರನನ್ನು ಕೇಳಿ ಅಂದ. ಹೊರಗೆ 'ಏನಾಯ್ತು, ಎಂಥ ಮೋಟರು' ಎಂದು ಮುತ್ತಿಕೊಂಡವರಿಗೆ, ಆಣೆ ನೆನೆದು, ಒಂದೇ ಮಾತು ಹೇಳಿ ಜೀಪು ಹತ್ತಿದ: "ಚಿನ್ನ ಮೋಟರು ಕಣಮ್ಮ. ಚಿನ್ನ ಮೋಟರು."

ಅವನ ಬಾಯಲ್ಲಿ ಚಿನ್ನ ಅಂದರೆ ಚಿಕ್ಕದು. ಚಿಕ್ಕಲಕ್ಷ್ಮಮ್ಮನ ಕಿವಿಯಲ್ಲಿ ಚಿನ್ನ ಅಂದರೆ ಚಿನ್ನವೇ.

ಮಂಗಳಾ ಕಾರು ಒರೆಸಿ, ಪ್ಲಾಸ್ಟಿಕ್ ವೈರಿನ ಬುಟ್ಟಿಯಲ್ಲಿಟ್ಟು, ಮೇಲೆ ದಂಟಿನ ಸೊಪ್ಪು ಮುಚ್ಚಿ ಬಿಸಿಲಿಗೆ ಬಿದ್ದಳು. ಅಂಗಳದಲ್ಲಿ ಸ್ಕೂಟರು ಚಾದರ ಹೊದ್ದು ತಣ್ಣಗೆ ನಿಂತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಬಿಸಿಲಿಗೆ ಸೀಟು ಸೀಳುತ್ತದೆಂದು ನರಸಿಂಹರಾಜು ಅದನ್ನು ಮನೆಯಲ್ಲೇ ಬಿಟ್ಟು ನಡೆದು ಹೋಗುತ್ತಿದ್ದ. ಅದರ ಕಡೆ ಒಮ್ಮೆ ನೋಡಿ ಅವಳೂ ನಡೆದಳು. ದಾರಿಯಲ್ಲಿ ಹೂವಿನವಳು ಎಷ್ಟಿಂಚು ನೀರು ಬಿತ್ತೆಂದು ಕೇಳಿದಳು. ದಿನಸಿ ಅಂಗಡಿಯವನು ನೀರಿನ ಸೆಲೆ ತೆಂಗಿನಕಾಯಿಯಲ್ಲಿ ನೋಡಿಸಿದಿರೋ ಬೇವಿನ ಕಡ್ಡಿಯಲ್ಲೋ ಅಂದ. ಎಲ್ಲರಿಗೂ ಅವಳು "ಇನ್ನೂ ಗೊತ್ತಿಲ್ಲ" ಅನ್ನುತ್ತ ಬುಟ್ಟಿಯನ್ನು ಹೊಟ್ಟೆಗವಚಿಕೊಂಡು ಹೋದಳು.

ಅನಿಲ್ ಕುಮಾರ್ ಸೊಪ್ಪು ಸರಿಸಿ ಕಾರು ನೋಡಿ ನಕ್ಕ. ಡಬ್ಬಿಯ ಸ್ಕ್ರೂ ಬಿಚ್ಚಿ ಗಾಜಿನ ಮೇಲೆ ತಟ್ಟಿದಾಗ ಒಳಗಿಂದ ಒಣಗಿದ ಕೆಂಪು ಮಣ್ಣು ಪುಡಿಪುಡಿಯಾಗಿ ಉದುರಿತು.

"ಏನಕ್ಕ, ಕೆರೆ ಕೆಸರಲ್ಲಿ ಓಡ್ಸಿದ್ರಾ? ನೀರಿಳಿದು ಸುಟ್ಟೋಗೈತೆ."

"ಸಂಡಿಗೆ ಹಿಟ್ಟಿರ್ಬೇಕು," ಅಂದಳು ಮಂಗಳಾ, ತಲೆ ತಗ್ಗಿಸಿ.

"ಕೆಂಪು ಸಂಡಿಗೆನಾ?"

ಅವಳಿಗೆ ಉತ್ತರ ಕೊಡುವ ತಾಳ್ಮೆ ಇರಲಿಲ್ಲ. ಇದು ಸಿಗುತ್ತದೋ ಇಲ್ಲವೋ ಹೇಳಪ್ಪ ಅಂದಳು. ಸಿಗುವುದು ಕಷ್ಟ ಎಂದು ಅವನು ಕತ್ತು ಕೆರೆದ. ನಿನ್ನೆ ಅವನ ತಮ್ಮ ಅಂಗಡಿ ನೋಡಿಕೊಳ್ಳುತ್ತಿದ್ದಾಗಲೂ ಯಾರೋ ಇಂಥದ್ದೇ ಸುಟ್ಟಿದೆ ಅಂತ ಹಿಡಿದುಕೊಂಡು ಬಂದಿದ್ದರಂತೆ, ರೇಟು ಕೇಳಿ ಹಾಗೇ ಹೊರಟುಹೋದರಂತೆ. "ಮಧುಗಿರೀಲಿ ಈ ಹುಚ್ಚು ಇಬ್ಬರಿಗೈತೆ ಅಂತ ಇವತ್ತೇ ಗೊತ್ತಾಗಿದ್ದು." ಮಂಗಳಾಗೂ ಇವತ್ತೇ ಗೊತ್ತಾಯಿತು. ಗಂಡನಿಗೊಬ್ಬ ಜೊತೆಗಾರ ಇದ್ದಾನಲ್ಲ, ಹೇಳಿದರೆ ಖುಷಿಪಡುತ್ತಾನೆ ಎಂದೂ, ಹೇಳುವುದು ಹೇಗೆ ಎಂದೂ ಒಟ್ಟಿಗೇ ಅನ್ನಿಸಿತು.

ಕೊನೆಗೆ ಅನಿಲ್ ಕುಮಾರ್ ಅಟ್ಟದ ಮೇಲಿನ ಮುರುಕು ಸಾಮಾನಿನಿಂದ, ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಒಂದು ಕಾರು ಇಳಿಸಿದ. ಅದಕ್ಕೆ ಮೈಯಿರಲಿಲ್ಲ, ಡಬ್ಬಿ ಮಾತ್ರ ಗಟ್ಟಿಯಿತ್ತು. ಕಿತ್ತು ಇದಕ್ಕೆ ಕೂರಿಸಿ ಬೆಸುಗೆ ಹಾಕಿದ. ಹೊಸ ಡಬ್ಬಿಗೂ ಹಳೆ ರಿಮೋಟಿಗೂ ಪರಿಚಯ ಮಾಡಿಸಬೇಕೆಂದು ಗುಂಡಿಯನ್ನು ಪೂರ್ತಿ ಒತ್ತಿ, ಪೂರ್ತಿ ಹಿಂದಕ್ಕೆ ತಳ್ಳಿ, ಅದು ಪೀಂ ಅನ್ನುವ ತನಕ ಕಾದ. ಕೂಲಿ ಎಷ್ಟೆಂದು ಅವಳು ಕೇಳಿದ್ದಕ್ಕೆ, ತನ್ನ ಅಮ್ಮನಿಗೆ ಸಂಡಿಗೆ ಅಂದರೆ ಪ್ರಾಣ, ಒಂದು ಡಬ್ಬ ಕೊಟ್ಟರೆ ಸಾಕು ಅಂದ. ಮಂಗಳಾ ದೊಡ್ಡ ಡಬ್ಬವನ್ನೇ ಒಪ್ಪಿದಳು. ಸುಟ್ಟ ಡಬ್ಬಿಯನ್ನು ಅವನು ಪೇಪರಿನಲ್ಲಿ ಸುತ್ತಿ ಬುಟ್ಟಿಗೆ ಹಾಕಿದ.

"ಓಡ್ಸಿ ನೋಡಿ ಅಕ್ಕ."

ಅಂಗಡಿ ಮುಂದಿನ ಕಲ್ಲುಹಾಸಿನ ಮೇಲೆ ಅವಳು ಕಾರು ಬಿಟ್ಟಳು. ಹೋಗಿ ಬರುವವರ ಕಾಲುಗಳ ನಡುವೆ ತೂರಿಸಿ, ಮಲಗಿದ್ದ ನಾಯಿಯ ಬಾಲವನ್ನು ಬಳಸಿ, ಟೀ ಅಂಗಡಿಯ ಬೆಂಚಿಗೆ ಬೆರಳಷ್ಟು ಈಚೆ ನಿಲ್ಲಿಸಿದಳು. ಹಾಗೇ ಹಿಂದಕ್ಕೆ ತಂದಳು.

"ಒಳ್ಳೆ ಕಂಟ್ರೋಲ್ ಐತಕ್ಕ ನಿಮಗೆ," ಅಂದ ಅನಿಲ್ ಕುಮಾರ್, ಇನ್ನೊಂದು ಮೊಬೈಲಿನ ಬೆನ್ನು ಬಿಚ್ಚುತ್ತ.

ಅವನು ಅದನ್ನು ತಲೆಯೆತ್ತಿಯೂ ಹೇಳಿರಲಿಲ್ಲ. ಮಂಗಳಾ ಆ ಮಾತನ್ನು ಕಲ್ಲುಸಕ್ಕರೆಯ ಹಾಗೆ ದವಡೆಯಲ್ಲಿಟ್ಟುಕೊಂಡು ಮನೆಯ ತನಕ ನಡೆದಳು.

ತಾರಸಿಯಲ್ಲಿ ಗಡವನ ಸಂಸಾರ ಊಟ ಮುಗಿಸಿ ಹೇನು ನೋಡಿಕೊಳ್ಳುತ್ತಿತ್ತು. ಒಂದು ಸಂಡಿಗೆ ಉಳಿದಿರಲಿಲ್ಲ. ಸೀರೆಯ ಮೇಲೆ ಸಾಲು ಸಾಲು ಒದ್ದೆ ಗುರುತುಗಳಷ್ಟೇ. ಜೀರಿಗೆ ಸಾಕಾಗಿತ್ತೆಂದು ಕಾಣುತ್ತದೆ. ಮಂಗಳಾ ಕಾರು ಬಿಡಲೂ ಇಲ್ಲ, ಬೈಯಲೂ ಇಲ್ಲ. ಸೀರೆ ಕೊಡವಿ, ನಡುಮನೆಯಲ್ಲಿ ಚೆಲ್ಲಿದ್ದ ರಾಗಿಹಿಟ್ಟು ಗುಡಿಸಿ, ಗಡಿಯಾರಕ್ಕೆ ಸೆಲ್ಲು ಹಾಕಿ, ಕಾರನ್ನು ಬೀರುವಿನ ಮೇಲೆ ಇದ್ದ ಹಾಗೇ ಮೂಗು ಕಿಟಕಿಯ ಕಡೆ ತಿರುಗಿಸಿಟ್ಟಳು. ಎಲ್ಲ ಹೋದರೂ ಮಾನ ಉಳಿಯಿತಲ್ಲ.

ಸಂಜೆ ನರಸಿಂಹರಾಜು ಸಾಹೇಬರನ್ನು ಕರೆತಂದ. ಜಗುಲಿಯ ತುಂಬ ಬಿಂದಿಗೆಗಳಿದ್ದವು. ಪಾಲಪ್ಪ ಮತ್ತೆ ಬಂದು ನೀರೆತ್ತುತ್ತಾನೆಂದು ಹೆಂಗಸರು ಎದ್ದಿರಲಿಲ್ಲ. ದಿನಾ ಇರುವುದೇ ಎಂದು ನರಸಿಂಹರಾಜು ಅತ್ತ ನೋಡದೆ ಸಾಹೇಬರನ್ನು ನಡುಮನೆಯ ಕುರ್ಚಿಯಲ್ಲಿ ಕೂರಿಸಿದ. "ಕಾರು ತಗೊಂಡ್ಬಾರೇ," ಅಂದ. ಮಂಗಳಾ ಕೋಣೆಗೆ ಹೋಗಿ ಸ್ಟೂಲು ಹತ್ತಿ ಬೀರುವಿನ ಮೇಲೆ ಕೈಯಿಟ್ಟಳು. ಆಗ ಹೊರಗಿನ ಮಾತು ಕೇಳಿಸಿತು. ಅವನ ದನಿಯಲ್ಲಿ ನೋವು ತುಂಬಿತ್ತು.

"ನಿಮಗೆ ಹೇಳೋಕೇ ಬೇಜಾರು ಸಾರ್. ಅದು ಇವತ್ತು ಓಡಲ್ಲ. ನಾನಿಲ್ಲದಾಗ ಇವಳು ಅದನ್ನ ತಾರಸಿ ಮೇಲೆ ಕೋತಿ ಓಡ್ಸೋಕೆ ತಗೊಂಡು ಹೋಗ್ತಾಳೆ, ದಿನಾ. ಸ್ಪೀಡ್ ಕಂಟ್ರೋಲರ್ ಸುಟ್ಟಾಕಿದಾಳೆ. ಏನು ಮಾಡೋದು ಸಾರ್, ಮೊದಲಿಂದ್ಲೂ ಇವಳಿಗೆ ಸ್ಪೀಡ್ ಕಂಟ್ರೋಲ್ ಇಲ್ಲ."

ಮಂಗಳಾ ಸ್ಟೂಲಿನ ಮೇಲೆ ಹಾಗೇ ನಿಂತಳು. ಅವನು ಬಸ್ಸಿಳಿದು ನೇರ ಬಂದಿದ್ದ. ಕಾಲಿನ ಶೂ ಕೂಡ ಬಿಚ್ಚಿರಲಿಲ್ಲ. ಕಾರನ್ನು ಕಣ್ಣಿಂದಲೂ ನೋಡಿರಲಿಲ್ಲ. ಸುಟ್ಟದ್ದು ಇವನಿಗೆ ಹೇಗೆ ಗೊತ್ತು? ಅದರಲ್ಲೂ ಆ ಡಬ್ಬಿಯೇ ಸುಟ್ಟಿದ್ದು?

ತಾರಸಿ ಸಿಮೆಂಟಿನದು. ಕೆಂಪು ಕೆಸರು ಅಲ್ಲಿಗೆ ಎಲ್ಲಿಂದ ಬರಬೇಕು? ಭಾನುವಾರದ 'ಬೆಂಕಿ ಕಣೆ, ಬೆಂಕಿ' ನೆನಪಾಯಿತು. ಅನಿಲ್ ಕುಮಾರನ ಇನ್ನೊಬ್ಬ ಹುಚ್ಚ ನೆನಪಾದ. ಬೆಳಿಗ್ಗೆ ಆಕಾಶ ನೋಡಿ, ಸಂಡಿಗೆ ಇಡು ಅಂದ ಆ ಅಕ್ಕರೆ ನೆನಪಾಯಿತು. ಸುಟ್ಟುಕೊಂಡು ಬಂದು, ಇಟ್ಟು, ಅವಳು ಕೈ ಹಾಕಲಿ ಎಂದೇ ಬಿಸಿಲು ತೋರಿಸಿ ಹೋಗಿದ್ದ. ಅದಕ್ಕಿಂತ ಅವಳನ್ನು ಚುಚ್ಚಿದ್ದು ಬೇರೆ. ದಿನಾ, ಅಂದನಲ್ಲ. ತಾರಸಿಯ ಮೇಲಿನ ಅವಳ ಆ ಒಂದಿಷ್ಟು ಹೊತ್ತು ಅವನಿಗೆ ಮೊದಲಿಂದ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ. ತಾನು ಚೆಲ್ಲಿದ್ದನ್ನು ಒರೆಸಲು ಎಂದಾದರೂ ಬೇಕಾದೀತೆಂದು, ಹಳೆ ಬಟ್ಟೆ ಮಡಚಿಡುವ ಹಾಗೆ, ಎತ್ತಿಟ್ಟಿದ್ದ.

ಈಗ ಹೋಗಿ ಸಾಹೇಬರ ಪಾದದ ಹತ್ತಿರ ಕಾರು ಬಿಟ್ಟು ಗುಂಡಿ ಒತ್ತಿದರೆ ಆಯಿತು. ಕುರ್ಚಿಯ ನಾಲ್ಕು ಕಾಲನ್ನೂ ಸುತ್ತಿಸಿ ತರಬಲ್ಲಳು. ಮಂಗಳಾ ಕಾರನ್ನು ಎದೆಗೊತ್ತಿಕೊಂಡು ಒಂದು ಗಳಿಗೆ ಯೋಚಿಸಿದಳು. ಓಡುವ ಕಾರು ಅವನದು, ಓಡದ ಕಾರನ್ನು ಯಾರೂ ಕೇಳುವುದಿಲ್ಲ. ಆಮೇಲೆ ಅದನ್ನು ಮಗುಚಿ, ಬ್ಯಾಟರಿಯ ಕೊಂಡಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಸಡಿಲ ಮಾಡಿದಳು.

ನರಸಿಂಹರಾಜು ಸಾಹೇಬರ ಮುಂದೆ ಗುಂಡಿ ಒತ್ತಿದ. ಕಾರು ಕಲ್ಲಿನ ಹಾಗೆ ಕೂತಿತ್ತು. ಮುಂಚಕ್ರವೂ ಆಡಲಿಲ್ಲ. "ನೋಡಿದ್ರಾ ಸಾರ್, ಪೂರ್ತಿ ತೆಗ್ದಿದಾಳೆ." ಸಾಹೇಬರು ಲೊಚಗುಟ್ಟಿ, ಪಾಪ, ಬಿಡಿ ರಾಜು, ಹೆಂಗಸರ ಕೈಗೆ ಇಂಥದ್ದು ಸಿಗಬಾರದು ಅಂದರು. ಮಂಗಳಾ ಕಾಫಿ ತಂದಿಟ್ಟಳು. ಸಕ್ಕರೆ ಸರಿಯಾಗಿದೆಯಮ್ಮ ಎಂದು ಅವರು ಸಮಾಧಾನ ಹೇಳಿದರು.

ಹೊರಡುವಾಗ ಸಾಹೇಬರು ಜಗುಲಿಯಲ್ಲಿ ಬಿಂದಿಗೆಗಳನ್ನು ಎಡವಿ ನಿಂತರು. ಇದೇನು ಜಾತ್ರೆ ಎಂದು ಕೇಳಿದರು.

"ಬೋರ್ ನೀರಿಗೆ ಸ್ವಾಮಿ," ಅಂದಳು ಚಿಕ್ಕಲಕ್ಷ್ಮಮ್ಮ. "ಇವರು ಮನೆ ಒಳಗೇ ಬೋರ್ ಹಾಕ್ಸವ್ರೆ. ಮೋಟರ್ ಸುಟ್ಟೋಗಿತ್ತು, ಪಾಲಪ್ಪ ಬಂದು ನೋಡ್ದ. ಚಿನ್ನದಂತ ಮೋಟರಂತೆ. ಓಡಿದ್ದ ನಾವೇ ಕಿವ್ಯಾರ ಕೇಳಿದೀವಿ."

ಸಾಹೇಬರು ನಿಧಾನವಾಗಿ ನರಸಿಂಹರಾಜುವಿನ ಕಡೆ ತಿರುಗಿದರು. "ಬಿಂದಿಗೆ ಹೊತ್ತು ಬರೋಷ್ಟರಲ್ಲಿ ಹೊತ್ತಾಗುತ್ತೆ ಅಂತಿದ್ರಿ ದಿನಾ."

"ಬೋರೂ ಇಲ್ಲ, ಏನೂ ಇಲ್ಲ ಸಾರ್. ಮಂಗಳಾ, ಹೇಳೇ ಸಾಹೇಬರಿಗೆ. ಯಾವ ಮೋಟರು?"

ಜಗುಲಿಯ ಕಣ್ಣುಗಳೆಲ್ಲ ಅವಳ ಮೇಲೆ ಬಿದ್ದವು. ಯಾವ ಮೋಟರೆಂದು ಹೇಳಬೇಕಾದರೆ ಕಾರಿನದೆಂದು ಹೇಳಬೇಕು. ಕಾರಿನದೆಂದರೆ ಅದು ರಿಪೇರಿಯಾದದ್ದೂ ಬರುತ್ತದೆ, ಕೆಂಪು ಮಣ್ಣೂ ಬರುತ್ತದೆ. ಮಂಗಳಾ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನಮ್ಮನೆಯೋರಿಗೆ ಗೊತ್ತಿಲ್ಲದ್ದು ಈ ಮನೇಲಿ ಏನೈತೆ ಸಾರ್. ಸುಟ್ಟಿದ್ದು, ಕೆಟ್ಟಿದ್ದು ಎಲ್ಲ ಅವರಿಗೇ ಮೊದಲು ಗೊತ್ತಾಗೋದು. ಅವರನ್ನೇ ಕೇಳಿ."

ನರಸಿಂಹರಾಜು ಒಮ್ಮೆ ಅವಳ ಮುಖ ನೋಡಿ, ಬಗ್ಗಿ ಸಾಹೇಬರ ಕಾಲಿಗಡ್ಡವಿದ್ದ ಬಿಂದಿಗೆ ಸರಿಸಿದ. ಸಾಹೇಬರು ಚಪ್ಪಲಿ ಮೆಟ್ಟುತ್ತ, ನಾಳೆಯಿಂದ ಮೊದಲನೇ ಬಸ್ಸಿಗೆ ಬನ್ನಿ ರಾಜು, ನೀರಿನ ಮಾತು ಇನ್ನು ಬೇಡ ಎಂದು ಹೇಳಿ ಹೋದರು.

ಇಬ್ಬರೂ ಒಳಗೆ ಬಂದರು. ಬೋರಿನ ಕಥೆ ಏನೆಂದು ಅವನು ಕೇಳುವ ಹಾಗಿರಲಿಲ್ಲ. ಕೇಳಿದರೆ ಅವಳೇನು ಕೇಳುವಳೋ. ಸುಟ್ಟದ್ದು ಹೇಗೆ ತಿಳಿಯಿತೆಂದು ಅವಳು ಕೇಳಲಿಲ್ಲ. ಕೊನೆಗೆ ಅವನು ಶೂ ಬಿಚ್ಚುತ್ತ, "ಬೆಳಕರಿಯೋ ಮುಂಚೆ ಊಟದ ಡಬ್ಬಿ ರೆಡಿ ಇರ್ಬೇಕು ಇನ್ಮೇಲೆ," ಎಂದು ಗೋಡೆಗೆ ಹೇಳಿದ. ಕಾರನ್ನು ಎತ್ತಿ ಬೀರುವಿನ ಮೇಲೆ ಹಿಂದಕ್ಕೆ ತಳ್ಳಿದ. "ಮುಟ್ಬೇಡ ಅದನ್ನ. ಮುಟ್ಟಿದ್ರೂ ಇನ್ನೇನೈತೆ, ಸತ್ತೋಗೈತೆ."

ಹಿಟ್ಟೂ ಹೋಯಿತು, ಸಂಡಿಗೆಯೂ ಹೋಯಿತು, ಹೆಸರೂ ಹೋಯಿತು. ಅನಿಲ್ ಕುಮಾರನ ತಾಯಿಗೆ ದೊಡ್ಡ ಡಬ್ಬ ಆಗಬೇಕು. ಬೀದಿಯ ಬಿಂದಿಗೆಗಳಿಗೆ ನಾಳೆ ಏನಾದರೊಂದು ಹೇಳಬೇಕು. ಇದರ ಮೇಲೆ ಕೋಳಿ ಕೂಗುವ ಮುಂಚೆ ಎದ್ದು ಮುದ್ದೆ ತೊಳಸಬೇಕು. ಮಂಗಳಾ ಅಡುಗೆಮನೆಗೆ ಹೋಗಿ, ಪೇಪರಿನಲ್ಲಿ ಸುತ್ತಿದ್ದ ಸುಟ್ಟ ಡಬ್ಬಿಯನ್ನು ಮೆಂತ್ಯದ ಡಬ್ಬದ ತಳಕ್ಕೆ ಇಳಿಸಿ, ಮೇಲೆ ಮೆಂತ್ಯ ಸುರಿದಳು. ಆ ಡಬ್ಬಕ್ಕೆ ಅವನು ಹುಟ್ಟಿದಾಗಿನಿಂದ ಕೈ ಹಾಕಿದವನಲ್ಲ.

ನಾಳೆಯ ಸಂಡಿಗೆಗೆ ಅಕ್ಕಿ ನೆನೆಹಾಕುತ್ತ ಕೈ ತಡೆಯಿತು. ಮೊದಲನೇ ಬಸ್ಸು ಹೋಗುವಾಗ ಬೀದಿಗೆ ಇನ್ನೂ ಪೂರ್ತಿ ಎಚ್ಚರವಾಗಿರುವುದಿಲ್ಲ. ಚಿಕ್ಕಲಕ್ಷ್ಮಮ್ಮ ಎದ್ದಿರುವುದಿಲ್ಲ. ಶಾಲೆಯ ಮೈದಾನದಲ್ಲಿ ಒಂದು ನಾಯಿಯೂ ಇರುವುದಿಲ್ಲ. ಸ್ಕೂಟರು ಮಾತ್ರ ಅಂಗಳದಲ್ಲೇ ಇರುತ್ತದೆ. ಬಾಗಿಲ ಪಕ್ಕದ ಮೊಳೆಯಲ್ಲಿ ಕೀ ನೇತಾಡುತ್ತಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

"ಏನ್ ನೋಡ್ತಿದೀಯ ಅಲ್ಲಿ?" ಅಂದ ನರಸಿಂಹರಾಜು.

"ಏನಿಲ್ಲ," ಅಂದಳು ಮಂಗಳಾ. "ನಾಳೆನೂ ಬಿಸ್ಲು ಚೆನ್ನಾಗಿರ್ತೈತೋ ಏನೋ ಅಂತ." ಇನ್ನೊಂದು ಹಿಡಿ ಅಕ್ಕಿ ನೀರಿಗೆ ಹಾಕಿ ಮುಚ್ಚಿದಳು.